ಹೊಸ ಎನ್‌ಸಿಸಿ ಅಧಿಕಾರಿ ಖಾಕಿ ಹೊಲಿಸುವುದು ಹೇಗೆ? ಬೂಟಿನಿಂದ ಬೆರೆಟ್‌ವರೆಗೆ ಸಮಗ್ರ ಮಾರ್ಗದರ್ಶಿ

ಮೊದಲು ಬೂಟು ತೆಗೆದುಕೊಳ್ಳಿ. ಬಟ್ಟೆ ಆಮೇಲೆ.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನು ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದರ ಜೊತೆಗೆ ಎನ್‌ಸಿಸಿ ಅಧಿಕಾರಿ, ಅಂದರೆ ಎಎನ್‌ಒ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್). ಮೊದಲ ಸಲ ಸಮವಸ್ತ್ರ ಹೊಲಿಸುವಾಗ ಚಪ್ಪಲಿ ಹಾಕಿಕೊಂಡೇ ಟೈಲರ್ ಅಂಗಡಿಗೆ ಹೋಗಿ ಪ್ಯಾಂಟಿನ ಅಳತೆ ಕೊಟ್ಟು ಬಂದೆ. ಬೂಟು ಹಾಕಿದ ದಿನ ನೋಡಿದರೆ ಪ್ಯಾಂಟು ಒಂದು ಇಂಚು ಮೇಲೆ ನಿಂತಿತ್ತು. ಇಳಿಸೋಣ ಅಂದರೆ ಕೆಳಗೆ ಮಡಿಕೆಯಲ್ಲಿ ಬಟ್ಟೆಯೇ ಇರಲಿಲ್ಲ. ಆ ಪ್ಯಾಂಟನ್ನು ಒಂದು ದಿನವೂ ಪರೇಡಿಗೆ ಹಾಕಲು ಆಗಲಿಲ್ಲ.

ಪ್ರತಿ ವರ್ಷ ಮೈಸೂರು, ಮಂಡ್ಯ ಕಡೆಯ ಹೈಸ್ಕೂಲು, ಕಾಲೇಜುಗಳಿಂದ ಹೊಸಬರು ಈ ಕೆಲಸಕ್ಕೆ ಬರುತ್ತಾರೆ. ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಮೇಡಂ, ಯೂನಿಫಾರ್ಮ್ ಎಲ್ಲಿ ಹೊಲಿಸೋದು?" ಎಲ್ಲಿ ಅನ್ನುವುದು ಅಷ್ಟು ಕಷ್ಟದ ಪ್ರಶ್ನೆ ಅಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ತಪ್ಪಿದರೆ ಎಷ್ಟು ಒಳ್ಳೆಯ ಟೈಲರ್ ಸಿಕ್ಕಿದರೂ ಬಟ್ಟೆ ಕೆಡುತ್ತದೆ. ಹಾಗಾಗಿ ಇದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ದುಡ್ಡು ಬಿಚ್ಚುವ ಮೊದಲು

1948ರ ಕಾಯ್ದೆಯಿಂದ ಶುರುವಾದ ಎನ್‌ಸಿಸಿಯಲ್ಲಿ ಮೂರು ವಿಭಾಗಗಳಿವೆ. ಭೂಸೇನಾ ವಿಭಾಗದವರಿಗೆ ಖಾಕಿ. ನೌಕಾದಳ ಮತ್ತು ವಾಯುಸೇನಾ ವಿಭಾಗದವರಿಗೆ ಬೇರೆ ಬಟ್ಟೆ, ಬೇರೆ ಟೋಪಿ. ನಾನು ಬರೆಯುತ್ತಿರುವುದು ಖಾಕಿಯ ಬಗ್ಗೆ. ಅಳತೆ, ಟ್ರಯಲ್ ವಿಷಯ ಮಾತ್ರ ಎಲ್ಲರಿಗೂ ಒಂದೇ.

ಇನ್ನೊಂದು ಮಾತು. ಕಾಲೇಜಿನಲ್ಲಿ ಎನ್‌ಸಿಸಿ ವಹಿಸಿಕೊಂಡ ದಿನದಿಂದಲೇ ನೀವು ಲೆಫ್ಟಿನೆಂಟ್ ಆಗುವುದಿಲ್ಲ. ತರಬೇತಿ ಮುಗಿಯುವ ತನಕ ಕೇರ್‌ಟೇಕರ್ ಅಷ್ಟೇ. ತರಬೇತಿ ನಡೆಯುವುದು ನಾಗ್ಪುರದ ಹತ್ತಿರದ ಕಾಂಪ್ಟಿಯಲ್ಲಿ ಅಥವಾ ಗ್ವಾಲಿಯರ್‌ನಲ್ಲಿ. ಅದು ಮುಗಿದು ಕಮಿಷನ್ ಸಿಕ್ಕ ಮೇಲೆ ಕಾಲೇಜಿನವರು ಲೆಫ್ಟಿನೆಂಟ್, ಹೈಸ್ಕೂಲಿನವರು ಥರ್ಡ್ ಆಫೀಸರ್. ಅಲ್ಲಿಯವರೆಗೆ ಹೆಗಲಿಗೆ ಸ್ಟಾರ್ ಹಾಕಬೇಡಿ. ಫೋಟೋಗೆ ಅಂತಲೂ ಬೇಡ. ಗಳಿಸದೇ ಇರುವ ರ‍್ಯಾಂಕನ್ನು ಧರಿಸುವುದು ದೊಡ್ಡ ತಪ್ಪು. ಅದನ್ನು ಮೊದಲು ಗಮನಿಸುವುದು ನಿಮ್ಮ ಕೆಡೆಟ್‌ಗಳೇ.

ಬೆಟಾಲಿಯನ್ ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಅಲ್ಲಿನ ಸುಬೇದಾರ್ ಸಾಹೇಬರನ್ನು ಅಥವಾ ಹಳೆಯ ಎಎನ್‌ಒ ಒಬ್ಬರನ್ನು ಕೂರಿಸಿಕೊಂಡು ಕೇಳಿ. ಶೂ ಕಪ್ಪೋ ಕಂದೋ? ಬೆರೆಟ್, ಅಂದರೆ ಉಣ್ಣೆಯ ಮೆತ್ತನೆ ಟೋಪಿ, ಯಾವ ಬಣ್ಣ? ಅಂಗಿ ಅರ್ಧ ತೋಳೋ, ಮಡಚುವ ಪೂರ್ತಿ ತೋಳೋ? ವೆಬ್ ಬೆಲ್ಟೋ, ಲೆದರ್ ಬೆಲ್ಟೋ? ದೊಡ್ಡ ಸಮಾರಂಭಕ್ಕೆ ಪೀಕ್ ಕ್ಯಾಪ್ ಬೇಕಾ? ಉತ್ತರಗಳನ್ನು ಬರೆದುಕೊಳ್ಳಿ. ಆಗಲೇ ಸಮವಸ್ತ್ರದಲ್ಲಿ ಇರುವ ಒಬ್ಬ ಅಧಿಕಾರಿಯ ಅನುಮತಿ ಕೇಳಿ, ಮುಂದೆ, ಹಿಂದೆ, ಪಕ್ಕದಿಂದ ಮೂರು ಫೋಟೋ ತೆಗೆದುಕೊಳ್ಳಿ. ಟೈಲರಿಗೆ ಬಾಯಲ್ಲಿ ಹೇಳುವುದಕ್ಕಿಂತ ಆ ಫೋಟೋ ತೋರಿಸುವುದೇ ಸುಲಭ. ಅಧಿಕಾರಿಗಳಿಗೆ ಸಮವಸ್ತ್ರ ಭತ್ಯೆ ಇದೆ. ಅದರ ವಿವರವನ್ನೂ ಅವತ್ತೇ ಗುಮಾಸ್ತರ ಹತ್ತಿರ ಕೇಳಿಕೊಳ್ಳಿ. ಬಟ್ಟೆ, ಹೊಲಿಗೆ, ಶೂ ಎಲ್ಲದರ ಬಿಲ್ಲೂ ಒಂದೇ ಲಕೋಟೆಯಲ್ಲಿ ಇರಲಿ.

ಯಾವಾಗ ಹೋಗಬೇಕು

ಮೇ ಕೊನೆಯಿಂದ ಜೂನ್ ಪೂರ್ತಿ ಯೂನಿಫಾರ್ಮ್ ಟೈಲರ್‌ಗಳ ಹತ್ತಿರ ಹೋಗಬೇಡಿ. ಶಾಲೆ ಶುರುವಾಗುವ ಕಾಲ. ಅಂಗಡಿ ತುಂಬ ಮಕ್ಕಳ ಬಟ್ಟೆ ಗುಡ್ಡೆ ಬಿದ್ದಿರುತ್ತದೆ. ನಿಮ್ಮ ಒಂದು ಜೊತೆಗೆ ಯಾರೂ ಮನಸ್ಸು ಕೊಟ್ಟು ಕತ್ತರಿ ಹಾಕುವುದಿಲ್ಲ. ದಸರಾ, ದೀಪಾವಳಿಗೆ ಮುಂಚಿನ ವಾರಗಳೂ ಹಾಗೇ.

ಆಗಸ್ಟ್ 15ಕ್ಕೆ ಬೇಕು ಅಂದರೆ ಏಪ್ರಿಲ್‌ನಲ್ಲೇ ಬಟ್ಟೆ ಕೊಡಿ. ಜನವರಿ 26ಕ್ಕೆ ಬೇಕು ಅಂದರೆ ನವೆಂಬರ್ ಮಧ್ಯ. ಕಾಲ ಜಾಸ್ತಿ ಆಯಿತು ಅನಿಸಬಹುದು. ಒಂದು ಟ್ರಯಲ್, ಒಂದು ರಿಪೇರಿ, ಒಂದು ಸಲ ಒಗೆದು ಮತ್ತೆ ನೋಡುವುದು, ಇಷ್ಟಕ್ಕೆ ಆರು ವಾರ ಬೇಕೇ ಬೇಕು.

ಬೂಟು, ಸಾಕ್ಸ್, ಬೆಲ್ಟ್

ಶೂವನ್ನು ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತು ಪಾಠ ಮಾಡಿದ ಕಾಲು ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಪರೇಡಿನಲ್ಲೂ ಕಾಲು ಹಾಗೇ ಇರುತ್ತದೆ. ಪರೇಡಿಗೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು ನೋಡಿ. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ. ಹಿಮ್ಮಡಿ ಮೇಲೆ ಕೆಳಗೆ ಜಾರಬಾರದು. ಅಂಗಡಿಯಲ್ಲೇ ಒಂದು ಸಲ ಹಿಮ್ಮಡಿ ಒದ್ದು ಸಾವಧಾನ್ ನಿಂತು ನೋಡಿ, ನಾಚಿಕೆ ಬೇಡ. ಚರ್ಮದ್ದೇ ತೆಗೆದುಕೊಳ್ಳಿ. ರೆಕ್ಸಿನ್ ಶೂ ಎಷ್ಟು ಪಾಲಿಶ್ ಹಾಕಿದರೂ ಹೀರಿಕೊಳ್ಳುವುದಿಲ್ಲ, ಮಡಿಚುವ ಜಾಗದಲ್ಲಿ ಬೇಗ ಬಿರಿಯುತ್ತದೆ. ಎಲ್ಲಾದರೂ ಉಳಿಸುತ್ತೇನೆ ಅಂದರೆ ಶೂನಲ್ಲಿ ಮಾತ್ರ ಉಳಿಸಬೇಡಿ.

ಬೆಲ್ಟನ್ನೂ ಹೊಲಿಸುವ ಮೊದಲೇ ತಂದುಕೊಳ್ಳಿ. ವೆಬ್ ಬೆಲ್ಟಿನ ಅಗಲ ಮಾಮೂಲಿ ಬೆಲ್ಟಿಗಿಂತ ಜಾಸ್ತಿ. ಅಳತೆ ಕೊಡುವಾಗ ಅದು ಕೈಯಲ್ಲಿ ಇರಬೇಕು.

ಬಟ್ಟೆ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಖಾಕಿ ಅಂದರೆ ಒಂದೇ ಬಣ್ಣ ಅಂದುಕೊಂಡಿದ್ದೆ. ಪೊಲೀಸರ ಖಾಕಿ ಬೇರೆ, ಆಟೋ ಚಾಲಕರ ಖಾಕಿ ಬೇರೆ, ನಮ್ಮದು ಬೇರೆ. ಅಂಗಡಿಯಲ್ಲಿ "ಖಾಕಿ ಕೊಡಿ" ಅಂದರೆ ಎದುರಿಗೆ ಐದಾರು ಥಾನು ಬಿಚ್ಚಿ ಹಾಕುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹೊರಗೆ ಬಿಸಿಲಿಗೆ ತಂದರೆ ಒಂದು ಹಸಿರು ಹೊಡೆಯುತ್ತದೆ, ಒಂದು ಕೆಂಪು ಹೊಡೆಯುತ್ತದೆ, ಒಂದು ಹಳದಿ.

ನಾನು ಮೊದಲ ವರ್ಷ ಅಂಗಿಯ ಬಟ್ಟೆ ಒಂದು ಕಡೆ, ಪ್ಯಾಂಟಿನ ಬಟ್ಟೆ ಎರಡು ವಾರ ಬಿಟ್ಟು ಇನ್ನೊಂದು ಕಡೆ ತೆಗೆದುಕೊಂಡೆ. ಎರಡನೇ ಅಂಗಡಿಯವರು ಅದೇ ಶೇಡ್ ಎಂದು ಆಣೆ ಮಾಡಿದರು. ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಬಿಸಿಲಲ್ಲಿ ನಿಂತಾಗ ಸೊಂಟದ ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ. ಅವತ್ತಿನ ಗ್ರೂಪ್ ಫೋಟೋ ಈಗಲೂ ಇಲಾಖೆಯ ಗೋಡೆಯ ಮೇಲಿದೆ. ನೋಡಿದಾಗೆಲ್ಲ ಬೇಜಾರಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ಬೆಟಾಲಿಯನ್‌ನಲ್ಲಿ ಒಪ್ಪಿಗೆಯಾದ ಬಟ್ಟೆಯ ಒಂದು ತುಂಡು ಕೇಳಿ ತನ್ನಿ. ಹಳೆಯ ಎಎನ್‌ಒ ಹತ್ತಿರ ಹೊಲಿಗೆಯಲ್ಲಿ ಮಿಕ್ಕ ಚೂರಾದರೂ ಇರುತ್ತದೆ. ಅದನ್ನು ಥಾನಿನ ಮೇಲೆ ಇಟ್ಟು, ಅಂಗಡಿಯ ಬಾಗಿಲ ಹೊರಗೆ, ಹಗಲು ಹೊತ್ತು ನೋಡಿ. ಒಪ್ಪಿದರೆ ಎರಡು ಜೊತೆಗೆ ಬೇಕಾದ ಬಟ್ಟೆಯನ್ನು ಒಂದೇ ಥಾನಿನಿಂದ, ಒಂದೇ ದಿನ ಕತ್ತರಿಸಿ. ಕಂಪನಿ ಒಂದೇ, ಶೇಡ್ ನಂಬರ್ ಒಂದೇ ಆಗಿದ್ದರೂ ಬಣ್ಣ ಹಾಕಿದ ಕಂತು ಬೇರೆ ಆದರೆ ಬಣ್ಣ ಕೂಡುವುದಿಲ್ಲ.

ಬಟ್ಟೆ ಎಷ್ಟು ಬೇಕು? 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಸಾಮಾನ್ಯ ಮೈಕಟ್ಟಿನವರಿಗೆ ಪ್ಯಾಂಟಿಗೆ 1.30 ಮೀಟರ್, ಪೂರ್ತಿ ತೋಳಿನ ಅಂಗಿಗೆ 1.60 ಮೀಟರ್. ನಮ್ಮ ಅಂಗಿಗೆ ಎರಡು ಜೇಬು, ಜೇಬಿನ ಮುಚ್ಚಳ, ಹೆಗಲ ಪಟ್ಟಿ ಇರುತ್ತವೆ. ಅದಕ್ಕೆ ಇನ್ನೂ ಕಾಲು ಮೀಟರ್ ಸೇರಿಸಿ. ಅದರ ಮೇಲೆ ಅರ್ಧ ಮೀಟರ್ ಹೆಚ್ಚಿಗೆ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ. ನಾಳೆ ಕಾಲರ್ ಸವೆದಾಗ, ಜೇಬು ಹರಿದಾಗ ಅದೇ ಬಣ್ಣ ಇನ್ನೆಲ್ಲೂ ಸಿಗುವುದಿಲ್ಲ.

ಟೆರಿಕಾಟ್ (ಪಾಲಿಯೆಸ್ಟರ್, ಕಾಟನ್ ಬೆರೆತ ಬಟ್ಟೆ) ಗೆರೆ ಚೆನ್ನಾಗಿ ಹಿಡಿಯುತ್ತದೆ, ಬೇಗ ಒಣಗುತ್ತದೆ, ಅಷ್ಟಾಗಿ ಕುಗ್ಗುವುದಿಲ್ಲ. ಬರೀ ಕಾಟನ್ ಮೈಗೆ ಹಿತ. ಆದರೆ ಕುಗ್ಗುತ್ತದೆ, ಮಳೆಗಾಲದಲ್ಲಿ ಒಣಗುವುದಿಲ್ಲ, ಒಂದು ಸಲ ಕೂತು ಎದ್ದರೆ ಸುಕ್ಕು. ಕಾಟನ್ ತೆಗೆದುಕೊಂಡರೆ ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ. ಸಮಾರಂಭಕ್ಕೆ ಹಾಕುವ ಜೊತೆಗೆ ನಾನು ಟೆರಿಕಾಟ್ ಅನ್ನೇ ಹೇಳುತ್ತೇನೆ.

ಮಾರ್ಕೆಟ್ಟಿನಲ್ಲಿ ಸೈನ್ಯದ ಚಿತ್ತಾರದ ಬಟ್ಟೆ ನೋಡಿ ಆಸೆಪಡಬೇಡಿ. ಸೈನಿಕರ ಯುದ್ಧದ ಉಡುಪಿನ ಹೊಸ ವಿನ್ಯಾಸ 2022ರಲ್ಲಿ ಬಂತು. ಅದು ಸಿಕ್ಕಸಿಕ್ಕಲ್ಲಿ ಕೊಂಡು ಹೊಲಿಸುವ ಬಟ್ಟೆ ಅಲ್ಲ. ನಮಗೆ ಕೊಟ್ಟಿರುವುದು ಖಾಕಿ. ಅದನ್ನೇ ಅಚ್ಚುಕಟ್ಟಾಗಿ ಹಾಕೋಣ.

ಟೈಲರ್ ಮತ್ತು ಅಳತೆ

ಮೈಸೂರಿನಲ್ಲಿ ಸಮವಸ್ತ್ರ ಹೊಲಿಯುವವರಿಗೆ ಕೊರತೆ ಇಲ್ಲ. ಪೊಲೀಸ್ ಅಕಾಡೆಮಿ ಇದೆ, ಮೀಸಲು ಪಡೆ ಇದೆ, ಕುದುರೆ ಪೊಲೀಸರಿದ್ದಾರೆ. ಊರಿನ ಒಂದು ಹಳೇ ಬಡಾವಣೆಯ ಹೆಸರೇ ಲಷ್ಕರ್ ಮೊಹಲ್ಲಾ, ಅಂದರೆ ಸೈನ್ಯದ ಕೇರಿ. ಮಂಡ್ಯದವರೂ ಪೊಲೀಸರು ಎಲ್ಲಿ ಹೊಲಿಸುತ್ತಾರೆ ಎಂದು ವಿಚಾರಿಸಿ ಅಲ್ಲಿಗೇ ಹೋಗಬಹುದು. ಮದುವೆ ಸೂಟು ಚೆನ್ನಾಗಿ ಹೊಲಿಯುವವರು ಖಾಕಿಯನ್ನೂ ಚೆನ್ನಾಗಿ ಹೊಲಿಯುತ್ತಾರೆ ಎಂದು ನಂಬಬೇಡಿ. ಹೆಗಲ ಪಟ್ಟಿ, ಜೇಬಿನ ಮುಚ್ಚಳ, ಎರಡೂ ಜೇಬು ಒಂದೇ ಮಟ್ಟಕ್ಕೆ ಕೂರುವುದು, ಇವಕ್ಕೆ ಬೇರೆ ಕೈ ಬೇಕು. ಅಂಗಡಿಯಲ್ಲಿ ತೂಗುಹಾಕಿರುವ ಒಂದು ಸಿದ್ಧ ಅಂಗಿ ತೆಗೆದು ನೋಡಿ. ಎಡ ಬಲ ಜೇಬುಗಳ ಮೇಲಂಚು ಒಂದೇ ನೇರಕ್ಕೆ ಇದೆಯಾ? ಒಳಗಿನ ಹೊಲಿಗೆ ನೂಲು ಬಿಟ್ಟಿಲ್ಲವಾ? ಅಷ್ಟು ಸಾಕು.

ಅಳತೆ ಕೊಡುವ ದಿನ ಪರೇಡಿನ ಬೂಟು, ಸಾಕ್ಸ್, ಒಳಗೆ ಹಾಕುವ ಬನಿಯನ್ ಎಲ್ಲವನ್ನೂ ಹಾಕಿಕೊಂಡೇ ಹೋಗಿ. ಬೆಲ್ಟು, ಹೆಗಲಿಗೆ ಹಾಕುವ ರ‍್ಯಾಂಕ್ ಪಟ್ಟಿ ಚೀಲದಲ್ಲಿರಲಿ. ಕಟಿಂಗ್ ಮಾಸ್ಟರ್ ಟೇಪು ಹಿಡಿದಾಗ ಹೊಟ್ಟೆ ಎಳೆದುಕೊಳ್ಳಬೇಡಿ. ಎದೆ ಉಬ್ಬಿಸಬೇಡಿ. ಪಾಠ ಮಾಡುವಾಗ ಹೇಗೆ ನಿಲ್ಲುತ್ತೀರೋ ಹಾಗೆ ನಿಂತುಕೊಳ್ಳಿ.

ಅಂಗಿಯ ಎದೆಗೆ ಮೈ ಅಳತೆಗಿಂತ ನಾಲ್ಕು ಇಂಚು ಸಡಿಲ ಬಿಡಿಸಿ. ಈಗಿನ ಹುಡುಗರು ಇಷ್ಟಪಡುವ ಬಿಗಿ ಕಟ್ಟು ಇಲ್ಲಿ ಬೇಡ, ಕೈ ಎತ್ತಿದ ಕೂಡಲೇ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ. ಕಾಲರಿಗೆ ಎರಡು ಬೆರಳು ಆಡುವಷ್ಟು ಜಾಗ. ಉದ್ದ ಮಾತ್ರ ಧಾರಾಳವಾಗಿರಲಿ. ಮಾಮೂಲಿ ಅಂಗಿಗಿಂತ ಎರಡು ಇಂಚು ಉದ್ದ ಇದ್ದರೆ ಸಲ್ಯೂಟ್ ಮಾಡಿದಾಗ ಬೆಲ್ಟಿನಿಂದ ಹೊರಗೆ ಬರುವುದಿಲ್ಲ. ತೋಳು ಮಡಚುವ ಪದ್ಧತಿ ಇದ್ದರೆ ಮೊಣಕೈ ಮೇಲಿನ ದಪ್ಪವನ್ನು ಬೇರೆಯಾಗಿ ಅಳೆಯಲು ಹೇಳಿ. ಮಡಚಿದ ಬಟ್ಟೆ ಅಲ್ಲಿ ನಾಲ್ಕೈದು ಪದರ ಆಗುತ್ತದೆ. ಬಿಗಿಯಾದರೆ ಕೈ ಜೋಮು ಹಿಡಿಯುತ್ತದೆ.

ಹೆಗಲ ಪಟ್ಟಿಯನ್ನು ಎಷ್ಟೋ ಟೈಲರ್‌ಗಳು ಅಂದಾಜಿಗೆ ಕತ್ತರಿಸುತ್ತಾರೆ. ನೀವು ತಂದ ರ‍್ಯಾಂಕ್ ಪಟ್ಟಿಯನ್ನೇ ಕೊಟ್ಟು, ಅದರೊಳಗೆ ಜಾರದಂತೆ, ಸುಕ್ಕಾಗದಂತೆ ಕೂರುವ ಅಗಲ ಕೇಳಿ. ಲೋಹದ ಸ್ಟಾರ್ ಹಾಕುವುದಾದರೆ ಅದರ ಕಾಲು ತೂರಿಸಲು ಸಣ್ಣ ಕಾಜಾ ಬೇಕು. ಎರಡೂ ಹೆಗಲಲ್ಲಿ ಒಂದೇ ದೂರಕ್ಕೆ ಗುರುತು ಹಾಕಿಸಿ.

ಪ್ಯಾಂಟು ನಿಜವಾದ ಸೊಂಟದಲ್ಲಿ ನಿಲ್ಲಬೇಕು, ಕೆಳಗೆ ಜಾರಿಸಿ ಹಾಕುವ ಥರದ್ದಲ್ಲ. ನಮ್ಮಂಥ ಹೆಂಗಸರಿಗೆ ಟೈಲರ್‌ಗಳು ಕೇಳದೇ ತಗ್ಗು ಸೊಂಟ ಇಡುತ್ತಾರೆ. ಮೊದಲೇ ಹೇಳಿ. ಲೂಪು ನಿಮ್ಮ ಬೆಲ್ಟು ಸಲೀಸಾಗಿ ಹೋಗುವಷ್ಟು ಅಗಲ ಇರಲಿ. ತಳ ಮುಂದೆ ಶೂ ಮೇಲೆ ಹಗುರಾಗಿ ತಾಗಬೇಕು, ಹಿಂದೆ ಅರ್ಧ ಇಂಚು ಇಳಿದಿರಬೇಕು. ಅದಕ್ಕೆ ಓರೆಯಾಗಿ ಕತ್ತರಿಸುತ್ತಾರೆ.

ಕೊನೆಗೆ ಮಾಸ್ಟರಿಗೆ ಒಂದು ಮಾತು ಹೇಳಿ, "ಒಳಗೆ ಬಟ್ಟೆ ಬಿಡಿ." ಸೊಂಟದ ಹಿಂಭಾಗದಲ್ಲಿ ಎರಡು ಇಂಚು, ಪಕ್ಕದ ಹೊಲಿಗೆಯಲ್ಲಿ ಒಂದು ಇಂಚು, ತಳದ ಮಡಿಕೆಯಲ್ಲಿ ಎರಡು ಇಂಚು. ತರಬೇತಿಗೆ ಹೋದವರು ಸಣ್ಣಗಾಗುತ್ತಾರೆ. ವಾಪಸ್ ಬಂದು ಮನೆ ಊಟ ಶುರುವಾದ ಮೇಲೆ ಮತ್ತೆ ಮೊದಲಿನಂತಾಗುತ್ತಾರೆ. ಒಳಗೆ ಬಟ್ಟೆ ಇದ್ದರೆ ಅದೇ ಜೊತೆ ಬಿಚ್ಚಿ, ಹಿಡಿಸಿ, ನಾಲ್ಕೈದು ವರ್ಷ ಬರುತ್ತದೆ.

ಟ್ರಯಲ್

ಕಚ್ಚಾ ಹೊಲಿಗೆ ಇರುವಾಗಲೇ ಟ್ರಯಲ್‌ಗೆ ಕರೆಯಿರಿ ಎಂದು ಹೇಳಿ ಬನ್ನಿ. ಕನ್ನಡಿ ಮುಂದೆ ಸುಮ್ನೆ ನಿಂತು "ಚೆನ್ನಾಗಿದೆ" ಅಂದು ಬರುವುದು ಟ್ರಯಲ್ ಅಲ್ಲ. ನಾನು ಪ್ರತಿ ಸಲ ಇದನ್ನೆಲ್ಲ ಮಾಡಿ ನೋಡುತ್ತೇನೆ. ಬೂಟು, ಬೆಲ್ಟ್ ಹಾಕಿಕೊಂಡು ಸಾವಧಾನ್. ಅಂಗಿಯ ಗುಂಡಿ ಪಟ್ಟಿ, ಬೆಲ್ಟಿನ ಬಕ್ಕಲ್, ಪ್ಯಾಂಟಿನ ಜಿಪ್ ಪಟ್ಟಿ ಮೂರೂ ಒಂದೇ ಗೆರೆಯಲ್ಲಿ ಬಂತಾ? ಆಮೇಲೆ ಸಲ್ಯೂಟ್, ಮೂರು ಸಲ. ಅಂಗಿ ಹೊರಗೆ ಬಂತಾ? ಕಾಲರ್ ಒಂದು ಪಕ್ಕಕ್ಕೆ ಎಳೆಯಿತಾ? ನಂತರ ಕದಮ್ ತಾಲ್, ಅಂದರೆ ನಿಂತಲ್ಲೇ ಹೆಜ್ಜೆ ಹಾಕುವುದು. ಮಂಡಿ ಎತ್ತುವಾಗ ತೊಡೆ ಹಿಡಿದರೆ ಅಲ್ಲೇ ಚಾಕ್‌ನಲ್ಲಿ ಗುರುತು ಹಾಕಿಸಿ. ಕೈ ಬೀಸಿ ಹತ್ತು ಹೆಜ್ಜೆ ನಡೆಯಿರಿ. ಕುರ್ಚಿಯಲ್ಲಿ ಕೂರಿ, ಏಳಿ. ಕೊನೆಗೆ ಒಂದು ಮಂಡಿ ನೆಲಕ್ಕೆ ಊರಿ. ಬಿಸಿಲಿಗೆ ತಲೆ ಸುತ್ತಿ ಬಿದ್ದ ಕೆಡೆಟ್ ಪಕ್ಕ ನಾವು ಕೂರುವುದು ಹಾಗೆಯೇ ಅಲ್ವಾ.

ಹಿಂಭಾಗ ನಮಗೆ ಕಾಣುವುದಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನನ್ನ ಜೊತೆ ನಮ್ಮ ಅತ್ತಿಗೆ ಬರುತ್ತಾರೆ. ಬೆನ್ನ ಮೇಲೆ ಅಡ್ಡ ಸುಕ್ಕು ಬಿದ್ದರೆ ಹೆಗಲು ಬಿಗಿಯಾಗಿದೆ ಎಂದರ್ಥ. ಉದ್ದ ಸುಕ್ಕು ಬಿದ್ದರೆ ಸಡಿಲ ಜಾಸ್ತಿ.

ಹೊಲಿಗೆ ಮುಗಿದ ಮೇಲೂ ಅದನ್ನು ಪರೇಡಿಗೇ ಮೊದಲ ಸಲ ಹಾಕಬೇಡಿ. ಒಂದು ಸಲ ಒಗೆದು, ಇಸ್ತ್ರಿ ಮಾಡಿ, ಮನೆಯಲ್ಲಿ ಎರಡು ಗಂಟೆ ಹಾಕಿಕೊಂಡಿರಿ. ಏನಾದರೂ ಕುಂದು ಇದ್ದರೆ ಅಷ್ಟರಲ್ಲಿ ಹೊರಗೆ ಬರುತ್ತದೆ.

ಎದೆಯ ಮೇಲೆ ಏನು, ಎಲ್ಲಿ

ಹೆಸರಿನ ಪಟ್ಟಿ ಬಲ ಜೇಬಿನ ಮೇಲೆ, ನಡುವಿಗೆ. ರಿಬ್ಬನ್ ಇದ್ದರೆ ಎಡ ಜೇಬಿನ ಮೇಲೆ. ಕಣ್ಣಂದಾಜಿಗೆ ಹಾಕಬೇಡಿ, ಸ್ಕೇಲ್ ಹಿಡಿಯಿರಿ. ಅಂಗಿಯನ್ನು ಮೇಜಿನ ಮೇಲೆ ಹಾಸಿ ಹಾಕಿದರೆ ನೇರ ಕಾಣುತ್ತದೆ, ಮೈ ಮೇಲೆ ಹಾಕಿದಾಗ ವಾಲುತ್ತದೆ. ಹೆಂಗಸರಿಗೆ ಇದು ಇನ್ನೂ ಜಾಸ್ತಿ. ಆದ್ದರಿಂದ ಅಂಗಿ ಹಾಕಿಕೊಂಡೇ ಪೆನ್ಸಿಲ್ ಗುರುತು ಮಾಡಿಸಿಕೊಳ್ಳಿ, ಆಮೇಲೆ ಬಿಚ್ಚಿ ಚುಚ್ಚಿ.

ಹಿತ್ತಾಳೆ ಇದ್ದರೆ ಬ್ರಾಸೋ ಹಾಕಿ ಉಜ್ಜಬೇಕು. ಆದರೆ ಅಂಗಿಯಿಂದ ತೆಗೆದು ಉಜ್ಜಿ. ಬಟ್ಟೆಗೆ ತಾಗಿದರೆ ಬಿಳಿ ಕಲೆ ಉಳಿಯುತ್ತದೆ.

ಬೆರೆಟ್

ಅಂಗಡಿಯಿಂದ ತಂದ ಹೊಸ ಬೆರೆಟ್ ತಲೆ ಮೇಲೆ ದೋಸೆ ಕವುಚಿ ಹಾಕಿದ ಹಾಗೆ ನಿಲ್ಲುತ್ತದೆ. ಅದನ್ನು ನಮ್ಮ ತಲೆಗೆ ನಾವೇ ಒಗ್ಗಿಸಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಸ್ನಾನದ ನೀರಿನಷ್ಟು ಬಿಸಿ ಇರುವ ನೀರು, ಇನ್ನೊಂದರಲ್ಲಿ ತಣ್ಣೀರು. ಉಣ್ಣೆಯ ಭಾಗ ಮಾತ್ರ ಬಿಸಿ ನೀರಲ್ಲಿ ಅದ್ದಿ, ಆಮೇಲೆ ತಣ್ಣೀರಲ್ಲಿ. ಚರ್ಮದ ಪಟ್ಟಿ ಆದಷ್ಟು ನೆನೆಯದಿರಲಿ. ಹಿಂಡಬೇಡಿ, ಟವೆಲ್‌ನಲ್ಲಿ ಒತ್ತಿ. ಒದ್ದೆ ಇರುವಾಗಲೇ ತಲೆಗೆ ಹಾಕಿ. ಪಟ್ಟಿ ಹುಬ್ಬಿನಿಂದ ಎರಡು ಬೆರಳು ಮೇಲೆ, ನೆಲಕ್ಕೆ ಸಮನಾಗಿ. ಬಿಲ್ಲೆ ಎಡಗಣ್ಣಿನ ಮೇಲೆ. ಮಿಕ್ಕ ಬಟ್ಟೆಯನ್ನು ಅಂಗೈಯಿಂದ ಸವರಿ ಬಲ ಕಿವಿ ಕಡೆಗೆ ಇಳಿಸಿ. ಹಾಗೇ ಒಂದು ಗಂಟೆ ಇಟ್ಟುಕೊಂಡು ಮನೆ ಕೆಲಸ ಮಾಡಿ. ಆಮೇಲೆ ತೆಗೆದು ನೆರಳಲ್ಲಿ ಒಣಗಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಆಕಾರ ಕೂರುತ್ತದೆ. ಮೇಲೆ ಎದ್ದ ಜುಂಗನ್ನು ಹೊಸ ರೇಜರ್‌ನಿಂದ ಒಂದೇ ದಿಕ್ಕಿಗೆ ಹಗುರಾಗಿ ತೆಗೆಯಿರಿ.

ತುರಾಯಿ, ಅಂದರೆ ಬೆರೆಟ್ಟಿಗೆ ಸಿಕ್ಕಿಸುವ ಗರಿಯ ಕುಚ್ಚು, ಬಿಲ್ಲೆಯ ಹಿಂದೆ ನೆಟ್ಟಗೆ ನಿಲ್ಲಬೇಕು. ಮಳೆಯಲ್ಲಿ ನೆನೆದರೆ ಕೈಯಲ್ಲಿ ಹಿಂಡದೆ, ಬೆರಳಿನಿಂದ ಬಿಡಿಸಿ ಒಣಗಿಸಿ. ಉದ್ದ ಕೂದಲು ಇರುವವರು ತುರುಬನ್ನು ಕುತ್ತಿಗೆಯ ಹತ್ತಿರ ತಗ್ಗಿಗೆ ಕಟ್ಟಿ ನೆಟ್ ಹಾಕಿ, ಆಮೇಲೆ ಬೆರೆಟ್ ಅಳತೆ ತೆಗೆದುಕೊಳ್ಳಿ. ತುರುಬು ಮೇಲಿದ್ದರೆ ಬೆರೆಟ್ ಮುಂದಕ್ಕೆ ತಳ್ಳಿ ಹಣೆ ಮುಚ್ಚುತ್ತದೆ.

ಹಿಂದಿನ ರಾತ್ರಿ

ಗಂಜಿ ಹಗುರಾಗಿರಲಿ. ಅನ್ನದ ಗಂಜಿಯಾದರೆ ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ. ಗಟ್ಟಿ ಗಂಜಿ ಹಾಕಿದ ಖಾಕಿ ಮೊಣಕೈ ಹತ್ತಿರ ಮುರಿದ ಹಾಗೆ ಬಿಳಿ ಗೆರೆ ಬಿಡುತ್ತದೆ. ಟೆರಿಕಾಟ್ ಮೇಲೆ ಇಸ್ತ್ರಿ ನೇರವಾಗಿ ಇಟ್ಟರೆ ಹೊಳಪು ಕಲೆ ಬೀಳುತ್ತದೆ, ಒದ್ದೆ ಪಂಚೆ ಹಾಸಿ ಅದರ ಮೇಲೆ ಒತ್ತಿ. ತೋಳಿಗೆ ಒಂದೇ ಗೆರೆ, ಹೆಗಲ ಪಟ್ಟಿಯ ನಡುವಿನಿಂದ ನೇರ ಕೆಳಗೆ. ಪ್ಯಾಂಟಿಗೂ ಮುಂದೆ ಒಂದು, ಹಿಂದೆ ಒಂದು. ಹಳೇ ಗೆರೆ ಹಾಗೇ ಇದ್ದು ಪಕ್ಕದಲ್ಲಿ ಹೊಸದು ಬಿದ್ದರೆ ಒದ್ದೆ ಮಾಡಿ ಎರಡನ್ನೂ ಅಳಿಸಿ ಮತ್ತೆ ಹಾಕಿ.

ಶೂಗೆ ಪಾಲಿಶ್ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಷ್ ಹೊಡೆಯಿರಿ. ಹತ್ತಿಯನ್ನು ನೀರಲ್ಲಿ ಅದ್ದಿ ಹಿಂಡಿ, ಚೂರು ಪಾಲಿಶ್ ತೆಗೆದುಕೊಂಡು ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು ತಿರುಗಿಸಿ. ಮಂಕು ಹೋಗಿ ಹೊಳಪು ಬರುವವರೆಗೆ ಬಿಡಬೇಡಿ. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಹತ್ತು ನಿಮಿಷ ಸಾಕು.

ಒಂದು ಸಣ್ಣ ಚೀಲದಲ್ಲಿ ಸೂಜಿ, ಖಾಕಿ ನೂಲು, ಎರಡು ಗುಂಡಿ, ನಾಲ್ಕು ಪಿನ್ನು, ಒಂದು ಜೊತೆ ಶೂ ಲೇಸು, ಒಣ ಬಟ್ಟೆಯ ತುಂಡು ಇಟ್ಟುಕೊಳ್ಳಿ. ನನ್ನ ಚೀಲ ನನಗಿಂತ ಜಾಸ್ತಿ ಕೆಡೆಟ್‌ಗಳಿಗೆ ಬಳಕೆಯಾಗಿದೆ. ಹಳ್ಳಿಯಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬರುವ ಹುಡುಗಿಯ ಗುಂಡಿ ಕಿತ್ತಿದ್ದರೆ ಬೈಯುವುದರಿಂದ ಗುಂಡಿ ವಾಪಸ್ ಬರುವುದಿಲ್ಲ. ಅಲ್ಲೇ ನಿಲ್ಲಿಸಿ ಹಾಕಿಕೊಡಿ.

ಪರೇಡ್ ಮುಗಿದ ಮೇಲೆ ಬೆವರಿನ ಬಟ್ಟೆಯನ್ನು ಹಾಗೇ ಬೀರುವಿಗೆ ಇಡಬೇಡಿ. ಬ್ಯಾಡ್ಜು, ಪಟ್ಟಿ, ಬೆಲ್ಟು ಎಲ್ಲ ತೆಗೆದು, ಅವತ್ತೇ ಒಗೆದು, ನೆರಳಲ್ಲಿ ಒಣಗಿಸಿ. ಅಗಲವಾದ ಹ್ಯಾಂಗರ್‌ಗೆ ಹಾಕಿ ಹಳೇ ಕಾಟನ್ ಸೀರೆ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗಂಜಿ ಹಾಕಿದ್ದನ್ನು ತಿಂಗಳುಗಟ್ಟಲೆ ಇಡುವುದಾದರೆ ಮೊದಲು ಗಂಜಿ ಹೋಗುವಂತೆ ತೊಳೆದಿಡಿ, ಇಲ್ಲದಿದ್ದರೆ ಬೆಳ್ಳಿಹುಳ ಬರುತ್ತದೆ. ಬೆರೆಟ್ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುಂಬಿ. ಮುಂದಿನ ಸಮಾರಂಭಕ್ಕೆ ಒಂದು ತಿಂಗಳು ಇದ್ದಾಗ ಎಲ್ಲವನ್ನೂ ಹೊರಗೆ ತೆಗೆದು ಒಂದು ಸಲ ಹಾಕಿಕೊಂಡು ನೋಡಿ. ಸೊಂಟ ಬಿಗಿಯಾಗಿದ್ದರೆ ಒಳಗೆ ಬಿಡಿಸಿದ ಎರಡು ಇಂಚು ಅಲ್ಲೇ ಇದೆ, ಮಾಸ್ಟರ್ ಹತ್ತಿರ ತೆಗೆದುಕೊಂಡು ಹೋಗಿ.